ಬ್ರಹ್ಮಾಂಡಗಳ ನೆರೆಹೊರೆ

ಸಪ್ತರ್ಷಿ ಮಂಡಲದ ಬಾಲದ ತುದಿಯಲ್ಲಿ ಮರೀಚಿ ನಕ್ಷತ್ರವಿದೆ. ಅದರ ಸಮೀಪದಲ್ಲಿ, ಬರಿಗಣ್ಣಿಗೆ ಕಾಣದ ಒಂದು ಮಸುಕು ತೇಪೆಯನ್ನು 1845ರಲ್ಲಿ ಐರ್ಲೆಂಡಿನ ರಾಸ್ ಪ್ರಭುವು ಆರು ಅಡಿ ಅಗಲದ ಕನ್ನಡಿಯುಳ್ಳ ತನ್ನ ದೂರದರ್ಶಕದಿಂದ ನೋಡಿ, ಅದು ನೀರಿನ ಸುಳಿಯಂತೆ ಸುರುಳಿಗೊಂಡಿದೆಯೆಂದು ಚಿತ್ರ ಬರೆದನು. ಅದೊಂದು ಬ್ರಹ್ಮಾಂಡವೆಂಬುದು (ಗೆಲಾಕ್ಸಿಗೆ ಕನ್ನಡ ಲೇಖಕರು ಕೊಟ್ಟ ಹೆಸರಿದು) ಆಗ ತಿಳಿದಿರಲಿಲ್ಲ. ಆ ಸುರುಳಿಯ ಒಂದು ತೋಳಿನ ತುದಿಗೆ ಚಿಕ್ಕದೊಂದು ಮುದ್ದೆ ಅಂಟಿದಂತೆ ಕಾಣುತ್ತದೆ. ಅದು ಬೇರೆಯೇ ಒಂದು ಬ್ರಹ್ಮಾಂಡ; ದೊಡ್ಡದರ ನೆರೆಯದು. ತೋಳುಗಳು ಅಷ್ಟು ಸ್ಫುಟವಾಗಿ ಎದ್ದು ಕಾಣುವುದಕ್ಕೆ ಈ ನೆರೆಯೇ ಬಹುಮಟ್ಟಿಗೆ ಕಾರಣವೆಂದು ಖಗೋಳ ವಿಜ್ಞಾನಿಗಳ ಅಭಿಪ್ರಾಯ.

ಇದು ಹೇಗೆ? ಚಂದ್ರನಿಂದ ಕಡಲು ಉಬ್ಬರಿಸುವ ಬಗೆಯಲ್ಲಿಯೇ. ದೂರ ಹೆಚ್ಚಿದಂತೆ ಗುರುತ್ವಾಕರ್ಷಣೆ ಕುಗ್ಗುವುದರಿಂದ, ನೆರೆಯ ಬ್ರಹ್ಮಾಂಡವು ತನ್ನ ಕಡೆಗಿರುವ ನಕ್ಷತ್ರಗಳನ್ನು ಹೆಚ್ಚಾಗಿಯೂ ನಡುವಿನವನ್ನು ಅದಕ್ಕಿಂತ ಕಡಿಮೆಯಾಗಿಯೂ ಆಚೆ ಬದಿಯವನ್ನು ಮತ್ತೂ ಕಡಿಮೆಯಾಗಿಯೂ ಸೆಳೆಯುತ್ತದೆ. ಹೀಗಾಗಿ ಎರಡು ಕಡೆಗೂ ಉಬ್ಬು ಏಳುತ್ತದೆ. ಬ್ರಹ್ಮಾಂಡವು ತಿರುಗುತ್ತಲೇ ಇರುವುದರಿಂದ ಈಚೆಯ ಉಬ್ಬು ಸೇತುವೆಯಂತೆಯೂ ಆಚೆಯದು ಬಾಲದಂತೆಯೂ ಚಾಚಿಕೊಳ್ಳುವುವು.

ನಕ್ಷತ್ರಕ್ಕೆ ನಕ್ಷತ್ರ ಡಿಕ್ಕಿ ಹೊಡೆಯದೆ ಎಂದು ಕೇಳಬಹುದು. ಸೂರ್ಯನನ್ನು ಒಂದು ರಾಗಿಕಾಳೆಂದುಕೊಂಡರೆ, ಅತಿ ಹತ್ತಿರದ ನಕ್ಷತ್ರ ಸುಮಾರು 40 ಕಿಲೋಮೀಟರ್ ಆಚೆಗಿರುತ್ತದೆ. ನಮ್ಮ ಆಕಾಶಗಂಗೆಯನ್ನು ಒಂದಡಿ ಅಗಲದ ಊಟದ ತಟ್ಟೆಯೆಂದುಕೊಂಡರೋ, ಆಂಡ್ರೊಮಿಡಾ ಬ್ರಹ್ಮಾಂಡವು ಸುಮಾರು 25 ಅಡಿ ದೂರದ ಇನ್ನೊಂದು ತಟ್ಟೆ. ಒಂದೇ ಪಂಕ್ತಿಯಲ್ಲಿ ಹಾಕಿದಂತೆ. ಆದ್ದರಿಂದ ಬ್ರಹ್ಮಾಂಡಗಳು ಸಂಧಿಸುವುದು ಅಪರೂಪವಲ್ಲ; ನಕ್ಷತ್ರಗಳು ತಾಗುವುದಿಲ್ಲವೆಂದೇ ಹೇಳಬೇಕು. ತಾಗುವುವು ಅನಿಲದ ಮೋಡಗಳು. ಅವು ಒತ್ತಿಕೊಂಡಲ್ಲಿ ಹೊಸ ನಕ್ಷತ್ರಗಳು ಹುಟ್ಟುತ್ತವೆ.

ಇದನ್ನು ಪರೀಕ್ಷಿಸಲು 1941ರಲ್ಲಿ ಸ್ವೀಡನ್ನಿನ ಎರಿಕ್ ಹೋಮ್‌ಬರ್ಗ್ ಮಾಡಿದ ಉಪಾಯ ನನಗೆ ಎಲ್ಲಕ್ಕಿಂತ ಹಿಡಿಸಿತು. ದೀಪದ ಬೆಳಕೂ ಗುರುತ್ವಾಕರ್ಷಣೆಯಂತೆಯೇ ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದಷ್ಟೆ. ಆತನು ಬ್ರಹ್ಮಾಂಡವೊಂದಕ್ಕೆ 37ರಂತೆ 74 ದೀಪಗಳನ್ನು ಹರಡಿ, ಒಂದೊಂದರ ಜಾಗದಲ್ಲಿಯೂ ಬೀಳುವ ಬೆಳಕನ್ನು ಅಳೆದು, ಅದನ್ನೇ ಸೆಳೆತವೆಂದು ಗಣಿಸಿ, ದೀಪಗಳನ್ನು ಇಷ್ಟಿಷ್ಟೇ ಸರಿಸುತ್ತ ಹೋದನು. ದೀಪದ ಬ್ರಹ್ಮಾಂಡಗಳು ಆಕಾರಗೆಟ್ಟು ತೋಳು ಚಾಚಿದುವು! ಕಲಾ ವಿದ್ಯಾರ್ಥಿಗಳಾದ ನಮಗೂ ಎಟುಕುವ ವಿಜ್ಞಾನವಿದು.

ಆದರೂ ಅಷ್ಟು ಸಪುರವಾದ ಬಾಲಗಳನ್ನು ಬರಿಯ ಗುರುತ್ವಾಕರ್ಷಣೆ ಎಳೆಯಬಲ್ಲುದೆಂದು ಹಲವರು ನಂಬಲಿಲ್ಲ. 1972ರಲ್ಲಿ ಅಲರ್ ಟೂಮ್ರೆ, ಯೂರಿ ಟೂಮ್ರೆ ಎಂಬ ಸಹೋದರರು ಗಣಕಯಂತ್ರದಿಂದ ಲೆಕ್ಕಹಾಕಿ ಅದೊಂದೇ ಸಾಕೆಂದು ತೋರಿಸಿದರು. ಅವರು ಆರಿಸಿಕೊಂಡ ಉದಾಹರಣೆಗಳಲ್ಲಿ ರಾಸ್ ಪ್ರಭುವಿನ ಸುಳಿಯೂ ಒಂದು.

ಹಾದುಹೋದ ಬ್ರಹ್ಮಾಂಡವು ಮರಳಿ ಬಂದು ಕೂಡುವುದೇಕೆ? 1943ರಲ್ಲಿ ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರರು ವಿವರಿಸಿದ ಒಂದು ಬಗೆಯ ಘರ್ಷಣೆಯಿಂದ. ಚಲಿಸುವ ಕಾಯದ ಹಿಂದೆ ನಕ್ಷತ್ರಗಳು ದಟ್ಟೈಸಿ ಅದನ್ನು ಹಿಂದಕ್ಕೆಳೆಯುತ್ತವೆ. ಹೀಗೆ ವೇಗ ಕಳೆದುಕೊಂಡ ಎರಡು ಸುರುಳಿಗಳು ಬೆರೆತು, ತೋಳುಗಳಿಲ್ಲದ, ಮೊಟ್ಟೆಯಾಕಾರದ ಒಂದೇ ಬ್ರಹ್ಮಾಂಡವಾಗುವುದುಂಟು.

ನಮ್ಮ ಆಕಾಶಗಂಗೆಯ ಗತಿಯೇನು? ಆಂಡ್ರೊಮಿಡಾ ಸೆಕೆಂಡಿಗೆ ಸುಮಾರು 110 ಕಿಲೋಮೀಟರ್ ವೇಗದಿಂದ ನಮ್ಮತ್ತ ಬರುತ್ತಿದೆ. ಸುಮಾರು 400 ಕೋಟಿ ವರ್ಷಗಳಲ್ಲಿ ಡಿಕ್ಕಿ ಖಂಡಿತವೆಂದು 2012ರಲ್ಲಿ ವಿಜ್ಞಾನಿಗಳು ಸಾರಿದ್ದರು. 2025ರಲ್ಲಿ ಪ್ರಕಟವಾದ ಲೆಕ್ಕವಾದರೋ, ಮುಂದಿನ 1000 ಕೋಟಿ ವರ್ಷಗಳಲ್ಲಿ ಇವೆರಡೂ ಕೂಡುವ ಸಂಭವ ಅರ್ಧಕ್ಕರ್ಧ ಮಾತ್ರ ಎನ್ನುತ್ತದೆ. ಕಿರಿಯ ನೆರೆಗಳ ಸೆಳೆತವನ್ನೂ ಅದರಲ್ಲಿ ಹಿಡಿದಿದ್ದಾರೆ: ಟ್ರಯಾಂಗ್ಯುಲಮ್ ಬ್ರಹ್ಮಾಂಡದ ಸೆಳೆತವು ಡಿಕ್ಕಿಯ ಕಡೆಗೆ, ದೊಡ್ಡ ಮೆಗೆಲನ್ ಮೋಡದ್ದು ಅದನ್ನು ತಪ್ಪಿಸುವ ಕಡೆಗೆ.