ಹಳೆಯ ಮೋಟಾರಿಗೆ ಹೊಸ ಎಣ್ಣೆ

ಎತ್ತಿನ ಬಂಡಿಯ ಕಾಲದಲ್ಲಿ ನಮ್ಮ ಹಿರಿಯರು ದೂರದ ಪಯಣಕ್ಕೆ ಹೊರಡುವ ಮುನ್ನ ಅಚ್ಚಿಗೆ ಕೀಲೆಣ್ಣೆ ಹಾಕದೆ ಎತ್ತುಗಳನ್ನು ಹೂಡುತ್ತಿರಲಿಲ್ಲ. ಹರಳೆಣ್ಣೆ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಹುದು. ಎಣ್ಣೆಯನ್ನು ಕಾಣದ ಅಚ್ಚು ದಾರಿಯುದ್ದಕ್ಕೂ ಕಿರುಗುಟ್ಟುತ್ತ ತನ್ನ ಕಷ್ಟವನ್ನು ತಾನೇ ಹೇಳಿಕೊಳ್ಳುತ್ತಿದ್ದಿತು. ಮೋಟಾರು ಗಾಡಿಗೂ ಎಣ್ಣೆಯೇ ಜೀವ. ಆದರೆ ಅದರ ಯಂತ್ರ ಕೂಗಿ ಹೇಳುವಷ್ಟು ಹೊತ್ತಿಗೆ ಕೆಡಬೇಕಾದುದೆಲ್ಲ ಕೆಟ್ಟುಹೋಗಿರುತ್ತದೆ. ಮೋಟಾರಿನ ಮೊದಲ ದಿನಗಳಲ್ಲಿ ಈ ಹರಳೆಣ್ಣೆಯೇ ಯಂತ್ರದೊಳಗೂ ಸೇರಿದ್ದಿತು. 1909ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಕ್ಯಾಸ್ಟ್ರಾಲ್ ಎಂಬ ಹೆಸರು ಹರಳೆಣ್ಣೆಯ ಇಂಗ್ಲಿಷ್ ಹೆಸರಿನಿಂದ ಬಂದುದೇ ಆಗಿದೆ.

ಬೀದರ ಜಿಲ್ಲೆಯ ಕೊಡಂಬಲವೂ ಅದರ ಆಸುಪಾಸಿನ ಹುಮನಾಬಾದು, ಬಸವಕಲ್ಯಾಣಗಳ ಸೀಮೆಯೂ ಹಿಂದೆ ಹೈದರಾಬಾದು ಸಂಸ್ಥಾನಕ್ಕೆ ಒಳಪಟ್ಟಿದ್ದುವು. ಆ ಸಂಸ್ಥಾನದ ರೈಲ್ವೆಯವರು 1932ರಲ್ಲಿ 27 ಬಸ್ಸುಗಳನ್ನಿಟ್ಟುಕೊಂಡು ಸರ್ಕಾರಿ ಮೋಟಾರು ಸಂಚಾರವನ್ನು ಆರಂಭಿಸಿದರು. ಅಂದು ಮೋಟಾರು ಎಂದರೆ ಊರೇ ನೆರೆದು ನೋಡುವ ವಸ್ತು. ಇಂದು ಹೈದರಾಬಾದು–ಸೊಲ್ಲಾಪುರದ ಹೆದ್ದಾರಿ ಹುಮನಾಬಾದನ್ನು ಹಾಯ್ದು ಹೋಗುತ್ತದೆ. ಹಳ್ಳಿಯ ಮನೆಗಳ ಮುಂದೆಯೂ ಕಾರುಗಳು ನಿಂತಿವೆ. ಅವುಗಳಲ್ಲಿ ಹಳೆಯವೂ ಉಂಟು. 1983ರಲ್ಲಿ ಬಂದ ಮಾರುತಿ 800, ಅದಕ್ಕಿಂತಲೂ ಹಿಂದಿನ ಅಂಬಾಸಿಡರ್, ಇವೆರಡರ ತಯಾರಿಕೆಯೂ 2014ರಲ್ಲಿ ನಿಂತುಹೋಯಿತು. ಹೊಸದಾಗಿ ಹುಟ್ಟದ ಗಾಡಿಯನ್ನು ಇದ್ದಷ್ಟು ದಿನ ಕಾಪಾಡಿಕೊಳ್ಳುವುದು ಒಡೆಯನ ಕೈಯಲ್ಲಿದೆ. ಅದಕ್ಕಾಗಿ ಮನೆಯ ಅಂಗಳದಲ್ಲೇ ಮಾಡಬಹುದಾದ ಕೆಲಸಗಳಲ್ಲಿ ಎಣ್ಣೆ ಬದಲಿಸುವುದು ಮೊದಲನೆಯದು. ಅದರ ಕ್ರಮವನ್ನೂ, ಕೆಲಸ ಮುಗಿದ ಮೇಲೆ ಉಳಿಯುವ ಕರಿಯ ಎಣ್ಣೆಯ ಗತಿಯನ್ನೂ ನಾವಿಲ್ಲಿ ವಿವರಿಸಲಿದ್ದೇವೆ. ಈ ಎರಡನೆಯದನ್ನು ಬಿಟ್ಟರೆ ಮೊದಲನೆಯದು ಅರ್ಧ ಕೆಲಸವೇ ಸರಿ.

ಎಣ್ಣೆ ಯಂತ್ರದಲ್ಲಿ ಮಾಡುವ ಕೆಲಸ ಒಂದೇ ಅಲ್ಲ. ಉಜ್ಜಾಡುವ ಎರಡು ಲೋಹಗಳ ನಡುವೆ ತೆಳ್ಳನೆಯ ಪೊರೆಯಾಗಿ ನಿಂತು ಅವು ಸವೆಯದಂತೆ ನೋಡಿಕೊಳ್ಳುತ್ತದೆ, ನೀರು ತಲುಪದ ಕಡೆಗಳಿಂದ ಕಾವನ್ನು ಹೊತ್ತು ತರುತ್ತದೆ, ಮಸಿಯನ್ನೂ ಲೋಹದ ಪುಡಿಯನ್ನೂ ತನ್ನಲ್ಲಿ ತೇಲಿಸಿಕೊಂಡು ಫಿಲ್ಟರಿಗೆ ಒಯ್ಯುತ್ತದೆ, ತುಕ್ಕನ್ನು ತಡೆಯುತ್ತದೆ. ಹೀಗೆ ದುಡಿದು ದುಡಿದು ಅದೂ ದಣಿಯುತ್ತದೆ. ಕಾವಿಗೆ ಗಾಳಿಯೊಡನೆ ಬೆರೆತು ಮಂದವಾಗುತ್ತದೆ. ಪೆಟ್ರೋಲ್ ಉರಿದಾಗ ಹುಟ್ಟುವ ನೀರೂ ಆಮ್ಲಗಳೂ ಅದರಲ್ಲಿ ಸೇರುತ್ತವೆ. ಕಾಪಾಡಲೆಂದು ತಯಾರಕರು ಬೆರೆಸಿದ ಔಷಧದ್ರವ್ಯಗಳು ತೀರಿಹೋಗುತ್ತವೆ. ಗಾಡಿಯನ್ನು ಬಹಳ ಓಡಿಸಿಲ್ಲವೆಂದು ಸಮಾಧಾನಪಡುವವರೂ ಉಂಟು. ಮನೆಯಿಂದ ಸಂತೆಗೆ, ಸಂತೆಯಿಂದ ಮನೆಗೆ ಎಂದು ಅಲ್ಪದೂರ ಮಾತ್ರ ಓಡುವ ಯಂತ್ರ ಪೂರ್ತಿಯಾಗಿ ಕಾಯುವುದೇ ಇಲ್ಲ. ಒಳಗೆ ಸೇರಿದ ನೀರು ಆವಿಯಾಗಿ ಹೋಗದೆ ಅಲ್ಲಿಯೇ ನಿಲ್ಲುತ್ತದೆ. ಆದುದರಿಂದ ಕಡಿಮೆ ಓಡುವ ಹಳೆಯ ಗಾಡಿಗೆ ಮೈಲಿಯ ಲೆಕ್ಕದ ಜೊತೆಗೆ ತಿಂಗಳ ಲೆಕ್ಕವೂ ಬೇಕು. ಬೇಸಗೆಯಲ್ಲಿ ಉಷ್ಣಮಾನ 40 ಡಿಗ್ರಿಯನ್ನು ಮುಟ್ಟುವ, ಹೊಲದ ದಾರಿಗಳಲ್ಲಿ ಧೂಳೇಳುವ ಈ ಸೀಮೆಯಲ್ಲಿ 5,000 ಕಿಲೋಮೀಟರಿಗೆ ಅಥವಾ ಆರು ತಿಂಗಳಿಗೆ, ಯಾವುದು ಮೊದಲು ಬರುವುದೋ ಆಗ, ಎಣ್ಣೆಯನ್ನು ಬದಲಿಸುವುದು ಕ್ಷೇಮ. ಗಾಡಿಯೊಡನೆ ಬಂದ ಕೈಪಿಡಿ ಇನ್ನೂ ಬೇಗನೆ ಬದಲಿಸಹೇಳಿದರೆ ಅದರ ಮಾತೇ ನಡೆಯಬೇಕು.

ಯಾವ ಎಣ್ಣೆಯನ್ನು ಹಾಕಬೇಕು? ಡಬ್ಬಿಯ ಮೇಲೆ 20ಡಬ್ಲ್ಯೂ-40 ಎಂಬಂಥ ಗುರುತು ಇರುತ್ತದೆ. ಡಬ್ಲ್ಯೂ ಎಂಬುದು ಚಳಿಗಾಲದ ಇಂಗ್ಲಿಷ್ ಹೆಸರಿನ ಮೊದಲಕ್ಷರ. ಅದರ ಹಿಂದಿನ ಅಂಕಿ ತಣ್ಣಗಿರುವಾಗ ಎಣ್ಣೆ ಎಷ್ಟು ಸಲೀಸಾಗಿ ಹರಿಯುವುದೆಂಬುದನ್ನೂ, ಮುಂದಿನ ಅಂಕಿ ಯಂತ್ರ ಕಾದಾಗ, ಎಂದರೆ 100 ಡಿಗ್ರಿಯಲ್ಲಿ, ಅದು ಎಷ್ಟು ಮಂದವಾಗಿ ಉಳಿಯುವುದೆಂಬುದನ್ನೂ ತಿಳಿಸುತ್ತವೆ. ನಮ್ಮ ದೇಶದ ಹಳೆಯ ಪೆಟ್ರೋಲ್ ಕಾರುಗಳಿಗೆ 20ಡಬ್ಲ್ಯೂ-40, 20ಡಬ್ಲ್ಯೂ-50 ಎಂಬ ಖನಿಜತೈಲಗಳು ಬಹುಕಾಲದಿಂದ ಬಳಕೆಯಲ್ಲಿವೆ. ಅತಿ ತೆಳುವಾದ ಹೊಸ ಬಗೆಯ ಎಣ್ಣೆ ಸವೆದ ಯಂತ್ರದ ಸಂದುಗಳಲ್ಲಿ ಸೋರಬಹುದು. ಅತಿ ಮಂದವಾದುದು ಬೆಳಗಿನ ಜಾವದ ಚಳಿಯಲ್ಲಿ ಮೇಲಿನ ಭಾಗಗಳಿಗೆ ಏರಲು ತಡಮಾಡಬಹುದು. ಇಲ್ಲಿಯೂ ಕೈಪಿಡಿಯೇ ಪ್ರಮಾಣ. ಮಾರುತಿ 800ರಂಥ ಸಣ್ಣ ಕಾರಿಗೆ ಸುಮಾರು ಮೂರು ಲೀಟರು, ಅಂಬಾಸಿಡರಿನಂಥದಕ್ಕೆ ನಾಲ್ಕು ಲೀಟರಿನ ಆಸುಪಾಸು ಬೇಕಾಗುವುದು.

ಸಾಮಗ್ರಿಗಳು ಹೆಚ್ಚಿಲ್ಲ. ಹೊಸ ಎಣ್ಣೆ, ಹೊಸ ಫಿಲ್ಟರು, ಹೊಸ ವಾಷರು, ಅಳತೆಗೆ ಸರಿಯಾಗಿ ಕೂಡುವ ಪಾನಾ, ಒಂದು ಆಲಿಕೆ, ಹಳೆಯ ಅರಿವೆ, ಅಗಲವಾದ ಬೋಗುಣಿ, ಭದ್ರವಾದ ಮುಚ್ಚಳವುಳ್ಳ ಖಾಲಿ ಡಬ್ಬಿ, ಕೈಗೆ ರಬ್ಬರಿನ ಚೀಲ. ಬೋಗುಣಿ ಯಂತ್ರದ ಎಣ್ಣೆಯಷ್ಟನ್ನೂ ಹಿಡಿದು ಮೇಲೆ ಒಂದೆರಡು ಲೀಟರಿಗೆ ಎಡೆಯುಳ್ಳದ್ದಾಗಿರಬೇಕು.

ಗಾಡಿಯನ್ನು ಸಮನಾದ ಗಟ್ಟಿನೆಲದಲ್ಲಿ ನಿಲ್ಲಿಸಿ, ಕೈಬ್ರೇಕು ಹಾಕಿ, ಚಕ್ರಗಳ ಹಿಂದುಮುಂದೆ ಕಲ್ಲುಗಳನ್ನು ಕೊಡತಕ್ಕದ್ದು. ನೆಲದಿಂದ ಎತ್ತರವಾಗಿರುವ ಹಳೆಯ ಗಾಡಿಗಳಲ್ಲಿ ಎತ್ತುವ ಪ್ರಮೇಯವೇ ಬಾರದಿರಬಹುದು. ಎತ್ತಲೇಬೇಕಾದರೆ ಜಾಕಿನಿಂದ ಎತ್ತಿದ ಮೇಲೆ ಗಟ್ಟಿಯಾದ ಕಬ್ಬಿಣದ ಆಸರೆಗಳ ಮೇಲೆ ಗಾಡಿಯನ್ನು ಕೂರಿಸಬೇಕು. ಜಾಕೊಂದನ್ನೇ ನಂಬಿ ಗಾಡಿಯ ಅಡಿಗೆ ತಲೆಯಿಕ್ಕಬಾರದು. ಇಟ್ಟಿಗೆಯ ರಾಶಿಯನ್ನೂ ನಂಬಬಾರದು. ಜಾಕು ಜಾರುವುದಕ್ಕೂ ಇಟ್ಟಿಗೆ ಬಿರಿಯುವುದಕ್ಕೂ ಒಂದು ನಿಮಿಷ ಸಾಕು. ಮಕ್ಕಳು ಆ ಹೊತ್ತಿನಲ್ಲಿ ಗಾಡಿಯ ಬಳಿ ಸುಳಿಯದಂತೆ ನೋಡಿಕೊಳ್ಳಬೇಕು.

ಇನ್ನು ಕೆಲಸದ ಕ್ರಮ. ಯಂತ್ರವನ್ನು ಐದು ನಿಮಿಷ ಓಡಿಸಿ ನಿಲ್ಲಿಸಿ, ಸ್ವಲ್ಪ ಆರಲು ಬಿಡಬೇಕು. ಬೆಚ್ಚಗಾದ ಎಣ್ಣೆ ಕೊಳೆಯನ್ನು ಕೂಡಿಕೊಂಡು ಸಲೀಸಾಗಿ ಇಳಿಯುತ್ತದೆ. ಕುದಿಯುವ ಎಣ್ಣೆಯಾದರೋ ಕೈಯನ್ನು ಸುಡುತ್ತದೆ. ಮೇಲೆ ಎಣ್ಣೆ ಹೊಯ್ಯುವ ಮುಚ್ಚಳವನ್ನು ತೆಗೆದಿಟ್ಟು, ಯಂತ್ರದ ಕೆಳಗಿನ ಎಣ್ಣೆಯ ತೊಟ್ಟಿಯ, ಎಂದರೆ ಮಿಸ್ತ್ರಿಗಳು ಚೇಂಬರ್ ಎಂದು ಕರೆಯುವ ಭಾಗದ, ಅಡಿಯಲ್ಲಿರುವ ಡ್ರೈನ್ ಬೋಲ್ಟನ್ನು ಹುಡುಕಬೇಕು. ಬೋಗುಣಿಯನ್ನು ಕೆಳಗಿಟ್ಟು ಬೋಲ್ಟನ್ನು ಪಾನಾದಿಂದ ಸಡಿಲಿಸಿ, ಕೊನೆಯ ಸುತ್ತುಗಳನ್ನು ಕೈಯಿಂದ ಬಿಚ್ಚಿ, ಚಟ್ಟನೆ ಕೈಯನ್ನು ಹಿಂದಕ್ಕೆ ತೆಗೆಯಬೇಕು. ಎಣ್ಣೆ ಮೊದಲು ದೂರಕ್ಕೆ ಚಿಮ್ಮಿ, ಆಮೇಲೆ ನೇರವಾಗಿ ಇಳಿಯುತ್ತದೆ. ಹದಿನೈದು ನಿಮಿಷ ಹಾಗೆಯೇ ಬಿಟ್ಟರೆ ಹನಿಹನಿಯಾಗಿ ಬಹುಪಾಲು ಬಂದುಬಿಡುವುದು.

ಈ ವೇಳೆಯನ್ನು ಸುಮ್ಮನೆ ಕಳೆಯಬೇಕಿಲ್ಲ. ವೈದ್ಯರು ನಾಡಿಯನ್ನು ನೋಡುವಂತೆ ಹಳೆಯ ಎಣ್ಣೆಯನ್ನು ನೋಡಿ ಯಂತ್ರದ ಆರೋಗ್ಯವನ್ನು ತಿಳಿಯಬಹುದು. ಬಣ್ಣ ಕಪ್ಪಾಗಿದ್ದರೆ ಗಾಬರಿಪಡಬೇಕಾದುದಿಲ್ಲ; ಕೊಳೆಯನ್ನು ಹೊತ್ತ ಎಣ್ಣೆ ಕಪ್ಪಾಗಿಯೇ ಇರುತ್ತದೆ. ಹಾಲು ಬೆರೆಸಿದಂತೆ ಮಾಸಲಾಗಿದ್ದರೆ ನೀರು ಸೇರಿದೆ ಎಂದರ್ಥ. ಯಂತ್ರದ ತಲೆಭಾಗದ ಗ್ಯಾಸ್ಕೆಟ್ಟು ಕೆಟ್ಟಿರಬಹುದು. ಬೆಳ್ಳಿಯಂತೆ ಮಿನುಗುವ ಲೋಹದ ಚೂರುಗಳು ಕಂಡರೆ ಬೇರಿಂಗುಗಳು ಸವೆಯುತ್ತಿರಬಹುದು. ಪೆಟ್ರೋಲಿನ ವಾಸನೆ ಬಲವಾಗಿದ್ದರೆ ಹಳೆಯ ಗಾಡಿಗಳಲ್ಲಿ ಯಂತ್ರಕ್ಕೇ ಜೋಡಿಸಿರುವ ಪೆಟ್ರೋಲ್ ಪಂಪಿನ ಒಳಪೊರೆ ಹರಿದು ಪೆಟ್ರೋಲ್ ಎಣ್ಣೆಯೊಳಕ್ಕೆ ಇಳಿಯುತ್ತಿರಬಹುದು. ಈ ಮೂರು ಲಕ್ಷಣಗಳಲ್ಲಿ ಯಾವುದು ಕಂಡರೂ ಗಾಡಿಯನ್ನು ಓಡಿಸುವ ಮುನ್ನ ನುರಿತ ಮಿಸ್ತ್ರಿಗೆ ತೋರಿಸುವುದು ಒಳ್ಳೆಯದು.

ಎಣ್ಣೆ ಇಳಿದ ಮೇಲೆ ಬೋಲ್ಟನ್ನು ಒರೆಸಿ, ಹೊಸ ವಾಷರು ಹಾಕಿ, ಮೊದಲು ಕೈಯಿಂದಲೇ ತಿರುಗಿಸಿ ಸುತ್ತುಗಳು ನೆಟ್ಟಗೆ ಕೂಡಿದುವೆಂದು ಖಚಿತಪಡಿಸಿಕೊಂಡು, ಬಳಿಕ ಪಾನಾದಿಂದ ಹಿತಮಿತವಾಗಿ ಬಿಗಿಯಬೇಕು. ಮೈಯ ಬಲವನ್ನೆಲ್ಲ ಹಾಕಿದರೆ ತೊಟ್ಟಿಯ ಒಳಸುತ್ತು ಹಾಳಾಗಿ ಸಣ್ಣ ಕೆಲಸ ದೊಡ್ಡ ಖರ್ಚಾಗುವುದು. ಆಮೇಲೆ ಹಳೆಯ ಫಿಲ್ಟರನ್ನು ತೆಗೆಯಬೇಕು. ಅದರ ರಬ್ಬರು ಉಂಗುರ ಯಂತ್ರಕ್ಕೇ ಅಂಟಿಕೊಂಡು ಉಳಿದಿಲ್ಲವೆಂದು ನೋಡುವುದು ಅಗತ್ಯ. ಹಳೆಯದರ ಮೇಲೆ ಹೊಸ ಉಂಗುರ ಕೂತರೆ ಓಡುವಾಗ ಎಣ್ಣೆಯೆಲ್ಲ ಹೊರಚೆಲ್ಲುತ್ತದೆ. ಹೊಸ ಉಂಗುರಕ್ಕೆ ಬೆರಳಿನಿಂದ ಹೊಸ ಎಣ್ಣೆ ಸವರಿ, ಫಿಲ್ಟರನ್ನು ಕೈಯಿಂದ ತಿರುಗಿಸಿ, ಉಂಗುರ ತಾಗಿದ ಮೇಲೆ ಮುಕ್ಕಾಲು ಸುತ್ತು ಬಿಗಿದರೆ ಸಾಕು. ಇನ್ನೂ ಹಳೆಯ ಕೆಲವು ಗಾಡಿಗಳಲ್ಲಿ ಫಿಲ್ಟರು ಲೋಹದ ಬಟ್ಟಲಿನೊಳಗೆ ಇರುತ್ತದೆ. ಅಲ್ಲಿ ಬಟ್ಟಲನ್ನು ತೊಳೆದು ಒಳಗಿನ ಸೋಸುಭಾಗವನ್ನೂ ಉಂಗುರವನ್ನೂ ಬದಲಿಸತಕ್ಕದ್ದು.

ಈಗ ಆಲಿಕೆಯಿಟ್ಟು ಹೊಸ ಎಣ್ಣೆಯನ್ನು ಹೇಳಿದ ಅಳತೆಗಿಂತ ತುಸು ಕಡಿಮೆಯಾಗಿ ಹೊಯ್ದು, ಮುಚ್ಚಳ ಹಾಕಿ ಯಂತ್ರವನ್ನು ಓಡಿಸಬೇಕು. ಎಣ್ಣೆಯ ಒತ್ತಡವನ್ನು ಸೂಚಿಸುವ ಕೆಂಪು ದೀಪ ಕೆಲವು ಕ್ಷಣಗಳಲ್ಲಿ ಆರಬೇಕು. ಆರದಿದ್ದರೆ ಕೂಡಲೇ ನಿಲ್ಲಿಸಬೇಕು. ಒಂದೆರಡು ನಿಮಿಷ ಓಡಿಸಿ, ನಿಲ್ಲಿಸಿ, ಐದು ನಿಮಿಷ ಬಿಟ್ಟು ಅಳತೆಗೋಲಿನಿಂದ ನೋಡಿದರೆ ಎಣ್ಣೆ ಎರಡು ಗುರುತುಗಳ ನಡುವೆ, ಮೇಲಿನದರ ಸಮೀಪದಲ್ಲಿರಬೇಕು. ಕಡಿಮೆಯಿದ್ದರೆ ಸ್ವಲ್ಪಸ್ವಲ್ಪವಾಗಿ ಸೇರಿಸಬಹುದು. ಹೆಚ್ಚಾದರೂ ಕೇಡೇ; ತಿರುಗುವ ದಂಡ ಎಣ್ಣೆಯನ್ನು ಕಡೆದು ನೊರೆಯೆಬ್ಬಿಸುತ್ತದೆ. ಬೋಲ್ಟಿನಲ್ಲಿಯೂ ಫಿಲ್ಟರಿನಲ್ಲಿಯೂ ಸೋರಿಕೆಯಿಲ್ಲವೆಂದು ನೋಡಿ, ತಾರೀಖನ್ನೂ ಗಾಡಿ ಓಡಿದ ಕಿಲೋಮೀಟರನ್ನೂ ಒಂದು ಪುಸ್ತಕದಲ್ಲಿ ಬರೆದಿಡುವುದು ಮುಂದಿನ ಸಲಕ್ಕೆ ನೆರವಾಗುತ್ತದೆ.

ಬೋಗುಣಿಯಲ್ಲಿ ಮೂರು ನಾಲ್ಕು ಲೀಟರು ಕರಿಯ ಎಣ್ಣೆ ಉಳಿದಿದೆ. ಅದನ್ನು ಹಿತ್ತಿಲಿನ ಗುಂಡಿಗೆ ಸುರಿದು ಮಣ್ಣೆಳೆದರೆ ತೀರಿತೆಂದು ಭಾವಿಸುವವರು ನಮ್ಮಲ್ಲಿ ಅನೇಕರುಂಟು. ಗೆದ್ದಲಿಗೆಂದು ಕಂಬಗಳಿಗೆ ಬಳಿಯುವವರೂ, ಕಜ್ಜಿಗೆಂದು ದನಗಳ ಮೈಗೆ ಹಚ್ಚುವವರೂ ಉಂಟು. ಈ ಎಣ್ಣೆಯಲ್ಲಿ ಸವೆದ ಲೋಹಗಳೂ ಅರೆಬೆಂದ ಪೆಟ್ರೋಲಿನ ವಿಷಗಳೂ ಸೇರಿರುತ್ತವೆ. ಬಳಸಿದ ಎಣ್ಣೆ ಮತ್ತೆಮತ್ತೆ ತಗುಲಿದ ಪ್ರಾಣಿಗಳಲ್ಲಿ ಚರ್ಮದ ಅರ್ಬುದ ಹುಟ್ಟಿದುದು ಪ್ರಯೋಗಗಳಿಂದ ತಿಳಿದುಬಂದಿದೆ. ಹಚ್ಚಿದ ಮೈಯನ್ನು ದನ ನೆಕ್ಕುತ್ತದೆ. ಅದು ಹೊಟ್ಟೆಗೂ ಸೇರುತ್ತದೆ. ಒಲೆಗೆ ಹಾಕಿದರೆ ಆ ವಿಷ ಹೊಗೆಯಾಗಿ ಮನೆಯವರ ಉಸಿರಿಗೆ ಸೇರುತ್ತದೆ.

ನೆಲಕ್ಕೆ ಸುರಿಯುವುದು ಇನ್ನೂ ದೊಡ್ಡ ಅಪಾಯ. ಬೀದರ ಜಿಲ್ಲೆಯ ನೆಲದಲ್ಲಿ ಮುರಕಲ್ಲಿನ ಕೆಂಪು ಭೂಮಿಯೂ ಉಂಟು, ಎರೆಭೂಮಿಯೂ ಉಂಟು. ಮುರಕಲ್ಲು ರಂಧ್ರಮಯವಾದುದು, ಮಳೆಯ ನೀರು ಅದರಲ್ಲಿ ಇಂಗಿ ಒಳಗೇ ಹರಿಯುತ್ತದೆ. ಬಹಮನಿ ಸುಲ್ತಾನರ ಕಾಲದಲ್ಲಿ ಬೀದರಿನ ನೌಬಾದಿನಲ್ಲಿ ಈ ಕಲ್ಲನ್ನೇ ಕೊರೆದು ಸುರಂಗ ಬಾವಿಯನ್ನು ಮಾಡಿದರೆಂಬುದನ್ನು ನೆನೆದರೆ ಇದು ಮನವರಿಕೆಯಾಗುವುದು. ಎರೆಭೂಮಿ ಬೇಸಗೆಯಲ್ಲಿ ಬಾಯಿಬಿಟ್ಟು ಆಳವಾಗಿ ಬಿರಿಯುತ್ತದೆ. ನೀರಿಗೆ ದಾರಿ ಕೊಡುವ ನೆಲ ಎಣ್ಣೆಗೂ ದಾರಿ ಕೊಡುತ್ತದೆ. ಹಿತ್ತಿಲಿನಲ್ಲಿ ಸುರಿದುದು ಬಾವಿಗೆ ಬರಬಲ್ಲುದು. ಒಂದು ಕಾರಿನಿಂದ ಒಂದು ಸಲ ತೆಗೆದ ಎಣ್ಣೆ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲುದೆಂದು ಅಮೆರಿಕದ ಪರಿಸರ ರಕ್ಷಣಾ ಇಲಾಖೆ ಎಚ್ಚರಿಸಿದೆ. ಬಾವಿ, ಕೊಳವೆಬಾವಿಗಳನ್ನೇ ನೆಚ್ಚಿದ ಊರಿಗೆ ಇದಕ್ಕಿಂತ ದೊಡ್ಡ ನಷ್ಟ ಯಾವುದು?

ಹಾಗಾದರೆ ಮಾಡತಕ್ಕದ್ದೇನು? ತೆಗೆದ ಎಣ್ಣೆಯನ್ನು ಆಲಿಕೆಯಿಂದ ಡಬ್ಬಿಗೆ ತುಂಬಿ, ಬಿಗಿಯಾಗಿ ಮುಚ್ಚಿ, ಮೇಲೆ ‘ಸುಟ್ಟ ಎಣ್ಣೆ’ ಎಂದು ದೊಡ್ಡದಾಗಿ ಬರೆದು ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಕುಡಿಯುವ ನೀರಿನ ಶೀಸೆಯಲ್ಲಿ ಎಂದಿಗೂ ತುಂಬಬಾರದು. ನೀರು, ಸೀಮೆಎಣ್ಣೆ, ಪೆಟ್ರೋಲುಗಳನ್ನು ಬೆರೆಸಬಾರದು. ಬೆರೆಸಿದರೆ ಅದನ್ನು ಶುದ್ಧಿಮಾಡಿ ಮತ್ತೆ ಬಳಸುವುದು ಕಷ್ಟವಾಗುತ್ತದೆ. ಹಳೆಯ ಫಿಲ್ಟರನ್ನು ಬೋಗುಣಿಯ ಮೇಲೆ ಒಂದು ರಾತ್ರಿ ಬೋರಲು ಹಾಕಿ ಎಣ್ಣೆಯನ್ನು ಬಸಿಯಬೇಕು. ನೆಲಕ್ಕೆ ಚೆಲ್ಲಿದ ಹನಿಗಳ ಮೇಲೆ ಬೂದಿ ಅಥವಾ ಮರದ ಹೊಟ್ಟು ಉದುರಿಸಿ ಗುಡಿಸಿ ತೆಗೆಯಬೇಕು. ನೀರು ಹೊಯ್ದು ಚರಂಡಿಗೆ ತಳ್ಳಬಾರದು. ಡಬ್ಬಿ ತುಂಬಿದಾಗ, ಹುಮನಾಬಾದಿಗೋ ಬಸವಕಲ್ಯಾಣಕ್ಕೋ ಹೋಗುವ ದಿನ, ಸುಟ್ಟ ಎಣ್ಣೆಯನ್ನು ಕೂಡಿಸಿಟ್ಟು ಪರವಾನಗಿಯುಳ್ಳ ಶುದ್ಧೀಕರಣದವರಿಗೆ ಒಪ್ಪಿಸುವ ಗ್ಯಾರೇಜು ಯಾವುದೆಂದು ವಿಚಾರಿಸಿ ಅಲ್ಲಿಗೆ ಕೊಡಬೇಕು. ಬಳಸಿದ ಎಣ್ಣೆ ಭಾರತದ ಕಾನೂನಿನಲ್ಲಿ ಅಪಾಯಕಾರಿ ತ್ಯಾಜ್ಯಗಳ ಸಾಲಿಗೆ ಸೇರಿದೆ. 2023ರಲ್ಲಿ ಆದ ತಿದ್ದುಪಡಿಯ ಮೇರೆಗೆ, 2024ರ ಏಪ್ರಿಲ್ 1ರಿಂದ, ಎಣ್ಣೆಯನ್ನು ತಯಾರಿಸುವವರೂ ಹೊರದೇಶದಿಂದ ತರಿಸುವವರೂ ಬಳಸಿದ ಎಣ್ಣೆಯ ಮರುಶುದ್ಧಿಯ ಹೊಣೆಯನ್ನು ಹೊರಬೇಕಾಗಿದೆ. ಶುದ್ಧಿಮಾಡಿದರೆ ಅದೇ ಎಣ್ಣೆ ಮತ್ತೆ ಯಂತ್ರಕ್ಕೆ ಬರಬಲ್ಲುದು. ಆದರೆ ಕಾನೂನು ಒಬ್ಬೊಬ್ಬರ ಹಿತ್ತಿಲಿಗೂ ಬಂದು ಕಾಯಲಾರದು; ಅಲ್ಲಿ ಗೃಹಸ್ಥನ ವಿವೇಕವೇ ಕಾವಲು.

ಕೈಕೆಲಸಕ್ಕೆ ಕಾಯಕವೆಂಬ ಗೌರವದ ಹೆಸರನ್ನು ಕೊಟ್ಟ ಕಲ್ಯಾಣದ ನೆರೆಯಲ್ಲಿ ಬಾಳುವವರಿಗೆ ಎಣ್ಣೆ ಮೆತ್ತಿದ ಕೈಯನ್ನು ಕಂಡು ನಾಚುವ ಕಾರಣವಿಲ್ಲ. ಆರು ತಿಂಗಳಿಗೆ ಒಂದು ಬೆಳಗನ್ನು ಈ ಕೆಲಸಕ್ಕೆ ಮೀಸಲಿಟ್ಟರೆ ಹಳೆಯ ಗಾಡಿ ಇನ್ನೂ ಹಲವು ವರ್ಷ ಮನೆಮಂದಿಯನ್ನು ಹೊತ್ತು ತಿರುಗೀತು. ಕರಿಯ ಎಣ್ಣೆಯ ಡಬ್ಬಿ ಸೇರತಕ್ಕಲ್ಲಿಗೆ ಸೇರಿದ ದಿನವೇ ಆ ಬೆಳಗಿನ ಕೆಲಸ ಮುಗಿದಂತೆ.