ಹೆಸರು ಮತ್ತು ವಿಳಾಸ

ಭದ್ರಾವತಿಯಲ್ಲಿರುವ ಗೆಳೆಯರಿಗೆ ಕಾಗದ ಹಾಕುವಾಗ ನಾವು ಲಕೋಟೆಯ ಮೇಲೆ ಮೊದಲು ಹೆಸರು, ಅನಂತರ ಬೀದಿ, ಊರು, ಜಿಲ್ಲೆ ಎಂದು ಬರೆಯುತ್ತೇವೆ. ಅಂಚೆಯವರು ಅದನ್ನು ಕೆಳಗಿನಿಂದ ಮೇಲಕ್ಕೆ ಓದುತ್ತಾರೆ. ಅವರಿಗೆ ಊರು ಮೊದಲು, ಮನುಷ್ಯ ಕೊನೆಗೆ. ಗಣಕಯಂತ್ರಗಳ ಹೆಸರುಪಟ್ಟಿಗೂ ಇದೇ ಕ್ರಮ. ಆ ಪಟ್ಟಿಯನ್ನು ಡೈರೆಕ್ಟರಿ ಎನ್ನುತ್ತಾರೆ. ಯಾರು, ಯಾವ ವಿಭಾಗದವರು, ದೂರವಾಣಿ ಯಾವುದು ಎಂಬುದೆಲ್ಲ ಅದರಲ್ಲಿರುತ್ತದೆ.

ಒಂದು ಯಂತ್ರದ ಪಟ್ಟಿಯನ್ನು ಇನ್ನೊಂದಕ್ಕೆ ಒಯ್ಯಬೇಕಾದರೆ ಎರಡಕ್ಕೂ ತಿಳಿಯುವ ಬರವಣಿಗೆಯೊಂದು ಬೇಕು. ಎಲ್‌ಡಿಐಎಫ್ ಎಂಬ ಸರಳ ಪಠ್ಯಕಡತ ಹುಟ್ಟಿದ್ದು ಅದಕ್ಕಾಗಿ. ಅದರ ನಿಯಮಗಳು 2000ದ ಜೂನ್‌ನಲ್ಲಿ ಆರ್‌ಎಫ್‌ಸಿ 2849 ಎಂಬ ಹೆಸರಿನಲ್ಲಿ ಪ್ರಕಟವಾದವು.

ನಿಯಮಗಳು ಕೆಲವೇ. ಒಂದು ಸಾಲಿಗೆ ಒಂದು ಸಂಗತಿ: ಗುಣದ ಹೆಸರು, ಒಂದು ಕೋಲನ್, ಅದರ ಬೆಲೆ. ದಾಖಲೆಯ ಮೊದಲಲ್ಲಿ ಡಿಎನ್, ಎಂದರೆ ಆ ವ್ಯಕ್ತಿಯ ವಿಶಿಷ್ಟನಾಮ. ಲಕೋಟೆಯ ವಿಳಾಸದಂತೆ ಅದು ವ್ಯಕ್ತಿಯಿಂದ ವಿಭಾಗಕ್ಕೆ, ವಿಭಾಗದಿಂದ ಸಂಸ್ಥೆಗೆ ಏರುತ್ತದೆ. ಒಬ್ಬರ ದಾಖಲೆ ಮುಗಿದೊಡನೆ ಒಂದು ಖಾಲಿ ಸಾಲು. ಸಾಲು ಉದ್ದವಾದರೆ ಮುರಿಯಬಹುದು, ಆದರೆ ಮುಂದಿನ ಸಾಲು ಒಂದು ತೆರಪಿನಿಂದ ಮೊದಲಾಗಬೇಕು. ವಂಶಾವಳಿಯಲ್ಲಿ ತಂದೆ ಮೊದಲು ಬರುವಂತೆ ವಿಭಾಗದ ದಾಖಲೆ ಅದರೊಳಗಿನವರ ದಾಖಲೆಗಿಂತ ಮುಂಚೆ ಬರಬೇಕು.

ಕನ್ನಡ ಬರೆದರೇನಾಗುತ್ತದೆ? ಕಡತ ಸಾದಾ ರೋಮನ್ ಅಕ್ಷರಗಳನ್ನೇ ನೆಚ್ಚಿರುವುದರಿಂದ, ಕನ್ನಡವನ್ನು ಬೇಸ್-64 ಎಂಬ ಸಂಕೇತಕ್ಕೆ ತಿರುಗಿಸಿ, ಒಂದರ ಬದಲು ಎರಡು ಕೋಲನ್ ಹಾಕಿ ಬರೆಯುತ್ತಾರೆ. ನಮ್ಮ ಒಂದೊಂದು ಚಿಹ್ನೆಗೂ ಮೂರು ಬೈಟು. ಮೂರು ಬೈಟಿಗೆ ಸಂಕೇತದ ನಾಲ್ಕು ಅಕ್ಷರ. ಕಿವಿಗೆ ನಾಲ್ಕೇ ಅಕ್ಷರದ 'ಭದ್ರಾವತಿ'ಯಲ್ಲಿ ಕಾಗುಣಿತ, ಒತ್ತು ಸೇರಿ ಎಂಟು ಚಿಹ್ನೆಗಳಿವೆ. ಆದುದರಿಂದ ಅದು ಕಡತದಲ್ಲಿ ಮೂವತ್ತೆರಡು ಅಕ್ಷರವಾಗುತ್ತದೆ. ಕಣ್ಣಿಗೆ ಅರ್ಥಹೀನ, ಯಂತ್ರಕ್ಕೆ ಮಾತ್ರ ಸ್ಪಷ್ಟ.

ಕಷ್ಟವಿರುವುದು ಲಿಪಿಯಲ್ಲಲ್ಲ, ಹೆಸರಿನಲ್ಲಿ. ವ್ಯಕ್ತಿಯ ದಾಖಲೆಗೆ ಎಸ್‌ಎನ್ ಎಂಬ ಕುಲನಾಮ ಕಡ್ಡಾಯ. ನಮ್ಮಲ್ಲಿ ಅನೇಕರಿಗೆ ಕುಲನಾಮವೆಂಬುದೇ ಇಲ್ಲ. ಇನಿಷಿಯಲ್ ಊರಿನದೋ ತಂದೆಯದೋ ಆಗಿರುತ್ತದೆ. ಶಿವಮೊಗ್ಗ, ಭದ್ರಾವತಿಗಳ ಹಳೆಯ ವಿದ್ಯಾರ್ಥಿಗಳ ಪಟ್ಟಿಯನ್ನು ನಾನು ಸಿದ್ಧಪಡಿಸಿದಾಗ ಆ ಜಾಗದಲ್ಲಿ ತಂದೆಯ ಹೆಸರನ್ನೇ ತುಂಬಿದೆ. ನಮ್ಮ ಕೂಟದ ಆಹ್ವಾನಪತ್ರಗಳು ಆ ಕಡತದಿಂದ ಹೊರಟವು. ಶಿಷ್ಯನೊಬ್ಬನ ಮನೆಗೆ ಹೋದ ಪತ್ರದ ಮೇಲಿದ್ದದ್ದು ಅವನ ಹೆಸರಲ್ಲ, ಆಗಷ್ಟೇ ತೀರಿಕೊಂಡಿದ್ದ ಅವನ ತಂದೆಯ ಹೆಸರು. "ಮೇಷ್ಟ್ರೇ, ಅಮ್ಮ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತಿದ್ದರು" ಎಂದು ಅವನು ಮೆಲ್ಲಗೆ ಹೇಳಿದ. ತಪ್ಪು ಯಂತ್ರದ್ದಲ್ಲ, ನನ್ನದು. ಕುಲನಾಮವಿಲ್ಲದವರಿಗೆ ಆ ಜಾಗದಲ್ಲೂ ಅವರ ಸ್ವಂತ ಹೆಸರನ್ನೇ ಬರೆಯುವುದು ಲೇಸು ಎಂಬುದನ್ನು ಹಾಗೆ ಕಲಿತೆ.

ಇನ್ನೊಂದು ಎಚ್ಚರಿಕೆ ಊರಿನ ವಿಷಯದ್ದು. ಕನ್ನಡದಲ್ಲಿ ನಮ್ಮೂರು ಶಿವಮೊಗ್ಗವೇ ಆಗಿದ್ದರೂ ಇಂಗ್ಲಿಷ್ ದಾಖಲೆಗಳಲ್ಲಿ 'ಶಿಮೊಗ' ಎಂದಿತ್ತು. 2014ರ ನವೆಂಬರ್ 1ರಂದು ಅದನ್ನು ತಿದ್ದಲಾಯಿತು. ಊರು ದಾಖಲೆಯ ಒಂದು ಗುಣವಾಗಿ ಮಾತ್ರ ಇದ್ದರೆ ಆ ಸಾಲನ್ನಷ್ಟೇ ಬದಲಿಸು ಎಂದು ಕಡತದಲ್ಲಿ ಹೇಳಿದರಾಯಿತು. ವಿಶಿಷ್ಟನಾಮದಲ್ಲಿಯೇ ಊರನ್ನು ಸೇರಿಸಿದ್ದರೆ, ಕೊಂಬೆಯ ಹೆಸರು ಬದಲಾದೊಡನೆ ಅದರಲ್ಲಿರುವವರೆಲ್ಲರ ಗುರುತೂ ಬದಲಾಗುತ್ತದೆ. ಹಳೆಯ ಗುರುತನ್ನು ನಂಬಿದ್ದ ಬೇರೆ ಕಡತಗಳು ದಾರಿತಪ್ಪುತ್ತವೆ.

ಆದ್ದರಿಂದ ಗುರುತಿನ ಸಾಲಿನಲ್ಲಿ ಬದಲಾಗದುದನ್ನು ಮಾತ್ರ ಇಡಬೇಕು. ಊರು, ಹುದ್ದೆ, ದೂರವಾಣಿಗಳನ್ನು ಕೆಳಗಿನ ಸಾಲುಗಳಿಗೆ ಬಿಡಬೇಕು. ಪಟ್ಟಿ ಬರೆಯುವವನಿಗೆ ಅದು ಒಂದು ಸಾಲು. ಅದನ್ನು ಬಾಗಿಲಲ್ಲಿ ನಿಂತು ಓದುವವರಿಗೆ ಅದು ತಮ್ಮ ಮನೆಯವರ ಹೆಸರು.

(ಬಾನುಲಿ ಭಾಷಣ)