ನಗೆಯೂ ಆರೋಗ್ಯವೂ

ಭರತಮುನಿಯ ನಾಟ್ಯಶಾಸ್ತ್ರವು ಹಾಸ್ಯವನ್ನು ರಸಗಳಲ್ಲಿ ಒಂದೆಂದು ಗಣಿಸಿ, ನಗೆಯನ್ನು ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂದು ಆರು ಬಗೆಯಾಗಿ ವಿಂಗಡಿಸಿದೆ. ಹಲ್ಲು ಕಾಣದ ಮುಗುಳ್ನಗೆಯಿಂದ ಹಿಡಿದು ಪಕ್ಕೆ ಹಿಡಿದುಕೊಂಡು ನಗುವವರೆಗೆ ಅದರ ವ್ಯಾಪ್ತಿ. ಹೀಗಿದ್ದರೂ, ನಗುವ ವಿದ್ಯಾರ್ಥಿ ಓದುವ ವಿದ್ಯಾರ್ಥಿಯಲ್ಲ ಎಂಬ ಭಾವನೆ ಕೆಲವು ತಂದೆತಾಯಿಗಳಲ್ಲಿ ಇನ್ನೂ ಉಂಟು. ಅದನ್ನು ಕೊಂಚ ಪರಿಶೀಲಿಸೋಣ.

ನಗುವಾಗ ಎದೆಗೂ ಹೊಟ್ಟೆಗೂ ನಡುವಿನ ವಪೆಯು ಮತ್ತೆ ಮತ್ತೆ ಅದುರುತ್ತದೆ; ಶ್ವಾಸಕೋಶಗಳ ಗಾಳಿ ತುಂಡುತುಂಡಾಗಿ ಹೊರಬಿದ್ದು, ಬಳಿಕ ದೀರ್ಘವಾದ ಉಸಿರು ಒಳಬರುತ್ತದೆ. ನಾಡಿಯು ಸ್ವಲ್ಪ ಹೊತ್ತು ಚುರುಕಾಗಿ ಅನಂತರ ಶಾಂತವಾಗುತ್ತದೆ. ಬಿಗಿದ ಸ್ನಾಯುಗಳು ಸಡಿಲುತ್ತವೆ. ಆಕ್ಸ್‌ಫರ್ಡಿನ ರಾಬಿನ್ ಡನ್‌ಬಾರ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಜೊತೆಗೂಡಿ ಮನಸಾರೆ ನಕ್ಕವರು ಆಮೇಲೆ ನೋವನ್ನು ಹೆಚ್ಚು ತಾಳಿಕೊಂಡದ್ದು ಕಂಡುಬಂದಿತು. ಮಿದುಳಿನಲ್ಲಿ ಎಂಡಾರ್ಫಿನ್ ಎಂಬ ನೋವುಶಾಮಕ ದ್ರವ್ಯ ಬಿಡುಗಡೆಯಾಗುವುದೇ ಇದಕ್ಕೆ ಕಾರಣವಿರಬೇಕೆಂದು ಅವರ ಅಭಿಪ್ರಾಯ. ಹಾಗೆಂದು ನಗೆಯು ಔಷಧಕ್ಕೆ ಬದಲಲ್ಲ. ವೈದ್ಯರ ಮದ್ದಿಗೆ ಅದು ಒಳ್ಳೆಯ ಜೊತೆ ಮಾತ್ರ.

ಈ ಮರ್ಮವನ್ನು ಕನ್ನಡನಾಡಿನ ವೈದ್ಯರೊಬ್ಬರು ಬಲ್ಲವರಾಗಿದ್ದರು. ‘ರಾಶಿ’ ಎಂದು ಹೆಸರಾದ ಡಾ. ಎಂ. ಶಿವರಾಂ ಅವರು 1942ರಲ್ಲಿ ‘ಕೊರವಂಜಿ’ ಎಂಬ ಹಾಸ್ಯಪತ್ರಿಕೆಯನ್ನು ಆರಂಭಿಸಿ 1967ರವರೆಗೂ ನಡೆಸಿದರು. ಅದರಲ್ಲಿ ಬರೆಯುತ್ತಿದ್ದ ನಾ. ಕಸ್ತೂರಿಯವರ ಮನೆಮಾತು ಮಲಯಾಳ. ಆದರೂ ಅವರು ಕಲಿತ ಕನ್ನಡದಲ್ಲಿಯೇ ಕನ್ನಡಿಗರನ್ನು ನಗಿಸಿದರು. ಮುಂದೆ ಅವರು ನೆಲೆಸಿದ್ದು ನಮಗೆ ದೂರವಲ್ಲದ ಪುಟ್ಟಪರ್ತಿಯಲ್ಲಿ. ಮನೆಯಲ್ಲೊಂದು, ಶಾಲೆಯಲ್ಲೊಂದು ನುಡಿಯಾಡುವ ಮಡಕಶಿರದ ಮಕ್ಕಳು ಇದನ್ನು ನೆನಪಿಡಬೇಕು. ನಮ್ಮ ಸೀಮೆಯ ತೊಗಲುಗೊಂಬೆಯಾಟದಲ್ಲಿಯೂ ರಾಮರಾವಣರ ಕಥೆಯ ನಡುವೆ ಬಂಗಾರಕ್ಕನಂತಹ ಹಾಸ್ಯಗೊಂಬೆಗಳು ಬರುತ್ತವೆ. ಇರುಳೆಲ್ಲ ಕುಳಿತ ಜನರಿಗೆ ನಗೆಯೂ ವಿಶ್ರಾಂತಿಯೆಂಬುದು ಆ ಕಲಾವಿದರಿಗೆ ತಿಳಿದಿತ್ತು.

ಆದರೆ ನಗುವುದು ಬೇರೆ, ನಗೆಪಾಟಲಿಗೆ ಗುರಿಮಾಡುವುದು ಬೇರೆ. ಒಮ್ಮೆ ತೆಲುಗು ಮನೆಮಾತಿನ ಬಾಲಕನೊಬ್ಬನು ಕನ್ನಡ ಪಾಠವನ್ನು ಓದುವಾಗ ಉಚ್ಚಾರ ತಪ್ಪಿದನು. ತರಗತಿಯೆಲ್ಲ ನಕ್ಕಿತು, ನಾವೂ ಮುಗುಳ್ನಕ್ಕೆವು. ಅಂದಿನಿಂದ ಆ ಬಾಲಕ ಓದಲು ಎದ್ದು ನಿಲ್ಲುವುದನ್ನೇ ಬಿಟ್ಟನು. ತಪ್ಪು ನಮ್ಮದೆಂದು ನಮಗೆ ತಿಳಿಯಲು ಕೆಲವು ವಾರಗಳೇ ಬೇಕಾದುವು. ಒಂದು ದಿನ ತೆಲುಗಿನ ಸೂಚನೆಯೊಂದನ್ನು ಓದುತ್ತ ನಾವೇ ಎಡವಿದೆವು. ಮಕ್ಕಳು ಬೆದರಿ ಬಾಯಿ ಮುಚ್ಚಿಕೊಂಡರು. ನಾವು ಮೊದಲು ನಕ್ಕು, ಸರಿಯಾದ ಉಚ್ಚಾರವನ್ನು ಹೇಳಿಕೊಡುವಂತೆ ಆ ಬಾಲಕನನ್ನು ಕೇಳಿದೆವು. ಆತ ಹೇಳಿಕೊಟ್ಟನು, ನಕ್ಕನು. ಮರುದಿನ ಕನ್ನಡ ಪಾಠಕ್ಕೆ ತಾನಾಗಿಯೇ ಕೈಯೆತ್ತಿದನು.

ವಿದ್ಯಾರ್ಥಿಗಳೇ, ನೀವು ನಗುವಾಗ ನಿಮ್ಮ ಎದುರಿಗಿರುವವನೂ ನಗುತ್ತಿರುವನೇ ಎಂದು ನೋಡಿಕೊಳ್ಳಿರಿ. ಅವನು ತಲೆ ತಗ್ಗಿಸಿದ್ದರೆ ಆ ನಗೆಯನ್ನು ಅಲ್ಲಿಯೇ ನಿಲ್ಲಿಸಿರಿ. ತಂದೆತಾಯಿಗಳೇ, ರಾತ್ರಿಯ ಊಟದ ಹೊತ್ತಿನಲ್ಲಿ ಅಂಕಗಳ ವಿಚಾರಣೆಗೆ ಮೊದಲು, ಇಂದು ಶಾಲೆಯಲ್ಲಿ ನಗು ಬಂದುದು ಏತಕ್ಕೆ ಎಂದು ಮಕ್ಕಳನ್ನು ಕೇಳಿರಿ. ಹೇಳಲು ಏನೂ ಇಲ್ಲವೆಂದು ಮಗು ದಿನದಿನವೂ ಹೇಳಿದರೆ, ದಯವಿಟ್ಟು ಬಂದು ನಮಗೆ ತಿಳಿಸಿರಿ.